ಬಾಡಿಗೆ ಬಾಯಿ

ಅವರ ಷರ್ಟಿನ ಕಾಲರ್ ಒಂದು ಬದಿಯಲ್ಲಿ ಕೋಟಿನೊಳಕ್ಕೆ ಮಡಿಚಿಕೊಂಡಿದೆ, ಯಾರಾದರೂ ಹೇಳಬಾರದೇ, ಪಕ್ಕದಲ್ಲೇ ಕೂತಿರುವ ವಕೀಲ ಕೆಲರ್ ಆದರೂ ಹೇಳಬಾರದೇ, ಹೆಂಡತಿ ಜೊತೆಗಿದ್ದಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಸರಿಮಾಡಿ ಕಳಿಸುತ್ತಿದ್ದಳು, ಆದರೆ ಆಕೆ ರಂಗೂನಿನಲ್ಲಿದ್ದಾಳೆ, ಇವರಿಗೆ ಈ ದೇಶದಲ್ಲಿ ಆಶ್ರಯ ಸಿಕ್ಕಿದರೆ ಮಾತ್ರ ಆಕೆ ಬರಬಹುದು, ಸಿಗುತ್ತದೆಯೋ ಇಲ್ಲವೋ ಎನ್ನುವುದು ಇವತ್ತು ಆರ್ಲಿಂಗ್ಟನ್ನಿನ ವಲಸೆ ಕೋರ್ಟಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ ತೀರ್ಮಾನವಾಗಬೇಕು — ರಾಜಲಕ್ಷ್ಮಿ ಕೈ ಚಾಚಿದರೆ ಕಾಲರ್ ಎಟುಕುತ್ತದೆ, ಎಳೆದು ಸರಿಮಾಡಿಬಿಡಬಹುದು, ಆದರೆ ಅನುವಾದಕಿಗೆ ಕೈಯಿಲ್ಲ, ಬಾಯಿ ಮಾತ್ರ, ಅದೂ ಬಾಡಿಗೆಗೆ ಕೊಟ್ಟ ಬಾಯಿ. ಬೆಳಿಗ್ಗೆ ಬಲಗೈ ಎತ್ತಿ ಪ್ರಮಾಣ ಮಾಡಿದ್ದಾಳೆ, ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ, ಏನನ್ನೂ ಕೂಡಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ, ಕನ್ನಡಕದ ಮೇಲಿನಿಂದ ನೋಡುವ ಆ ವಯಸ್ಸಾದ ನ್ಯಾಯಾಧೀಶರು ಕೇಳಿದ್ದರು, ಮೇಡಂ, ಈ ಅರ್ಜಿದಾರರನ್ನು ನೀವು ಬಲ್ಲಿರಾ, ಇಲ್ಲ ಯುವರ್ ಆನರ್ ಎಂದಳು, ಸುಳ್ಳಲ್ಲ, ಯಾವತ್ತೂ ಮಾತಾಡಿದ್ದಿಲ್ಲ, ಭೇಟಿಯಾದದ್ದಿಲ್ಲ, ಅನುವಾದಕರನ್ನು ಕಳಿಸುವ ಏಜೆನ್ಸಿಯವರು ಫೋನಿನಲ್ಲಿ ಹೆಸರು ಹೇಳಿದಾಗ ಯಾರೋ ಬೇರೆ ಥಾನ್ ನೈಂಗ್ ಇದ್ದರೂ ಇರಬಹುದು ಅಂದುಕೊಂಡಿದ್ದಳು, ಬರ್ಮಾದಲ್ಲಿ ಆ ಹೆಸರು ಬೀದಿಗೊಂದು, ಆಮೇಲೆ ಕಾರಿಡಾರಿನ ತುದಿಯಲ್ಲಿ ನೀರು ಕುಡಿಯುತ್ತ ನಿಂತ ಮುದುಕರು ತಲೆ ಎತ್ತಿದರು, ಆ ಹುಬ್ಬು, ಹಣ್ಣಾಗಿದೆ, ಆದರೂ ಅದೇ ಹುಬ್ಬು, ಇಡೀ ರಂಗೂನಿನ ಗೋಡೆಗಳ ಮೇಲೆ ಸಿನಿಮಾ ಜಾಹೀರಾತಿಗೆ ಬಣ್ಣದಲ್ಲಿ ಬರೆದಿರುತ್ತಿದ್ದ ಹುಬ್ಬು.

ನಾನು ಮೌಲ್ಮೇನಿನಲ್ಲಿ ಹುಟ್ಟಿದೆ ಎನ್ನುತ್ತಾಳೆ ರಾಜಲಕ್ಷ್ಮಿ, ಇಂಗ್ಲಿಷಿನಲ್ಲಿ, ನಮ್ಮ ತಂದೆ ಬಯಲಾಟದ ಮೇಳದಲ್ಲಿ ಡೋಲು ಬಾರಿಸುತ್ತಿದ್ದರು, ನಾನು ಇಪ್ಪತ್ತು ದಾಟುವ ಮೊದಲೇ ಸಿನಿಮಾಕ್ಕೆ ಬಂದೆ, ಮೂರು ಸಲ ನನಗೆ ದೇಶದ ದೊಡ್ಡ ಪ್ರಶಸ್ತಿ ಬಂತು — ಹರ್ನ್‌ಡನ್ನಿನ ಟೌನ್‌ಹೌಸಿನಿಂದ ಬಂದ, ಹಣೆಗೆ ಸಣ್ಣ ಬೊಟ್ಟಿಟ್ಟ ಹೆಂಗಸು ಹೀಗೆ ನಾನು ನಾನು ಎಂದು ಹೇಳುವುದು ಅವಳ ಕಿವಿಗೇ ತಮಾಷೆಯಾಗಿ ಕೇಳುತ್ತದೆ, ಕೋರ್ಟಿನ ನಿಯಮ ಹಾಗೆ, ಅವರು ನಾನು ಅಂದರೆ ಇವಳೂ ನಾನು ಅನ್ನಬೇಕು. ಪ್ರಶಸ್ತಿ ಯಾವ ಚಿತ್ರಕ್ಕೆ ಬಂತು ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಇವಳು ಹೇಳಬಲ್ಲಳು, ಮೀನುಗಾರನಾಗಿ ಬಂದದ್ದಕ್ಕೆ ಒಂದು, ಕುರುಡ ವೀಣೆಗಾರನಾಗಿ ಬಂದದ್ದಕ್ಕೆ ಇನ್ನೊಂದು, ಮೂರನೆಯದು ಬರುವ ಹೊತ್ತಿಗೆ ಇವಳು ಅಲ್ಲಿರಲಿಲ್ಲ. ಅಪ್ಪ ಮೈಸೂರಿನಿಂದ ಹೋಗಿ ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು, ಪಕ್ಕದ ಮನೆಯ ಅಲಮೇಲು ಮಾಮಿಗೆ ಸಿನಿಮಾ ಹುಚ್ಚು, ಅರ್ಥವಾಗದ ಭಾಷೆ, ಅರ್ಥ ಹೇಳಲು ಒಬ್ಬರು ಬೇಕಿತ್ತು, ಅಡೀ ರಾಜಿ ವಾಡೀ ಎಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು, ಕತ್ತಲಲ್ಲಿ ಹುರಿದ ಬಟಾಣಿಯ ವಾಸನೆ, ಮಾಮಿಯ ಜರಿಸೀರೆ ಮೊಣಕೈಗೆ ಚುಚ್ಚುವುದು, ಏನಂದ ಈಗ ಏನಂದ ಎಂದು ಮಾಮಿ ಕೇಳುವುದು, ಅವನು ಹೋಗ್ತೀನಿ ಅಂದ ಮಾಮಿ, ಅವಳು ಹೋಗು ಅಂದಳು ಮಾಮಿ, ಅದೇ ಅಲ್ಲವೇ ಇವಳ ಮೊದಲ ಅನುವಾದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಆಟದ ಬರ್ಮೀಸ್, ಆದರೆ ದೊಡ್ಡವರ ಬರ್ಮೀಸ್ — ಪ್ರೀತಿ, ಅವಮಾನ, ಸಾಲುಸಾಲು ಮರ್ಯಾದೆಯ ಮಾತು — ಅದೆಲ್ಲ ಇವಳಿಗೆ ಬಂದದ್ದು ಈ ಮನುಷ್ಯನ ಬಾಯಿಂದ, ಪರದೆಯ ಮೇಲಿನಿಂದ, ಮತ್ತೆ ಅರವತ್ತನಾಲ್ಕರಲ್ಲಿ ಇಂಡಿಯಾದವರೆಲ್ಲ ಹೊರಡಿ ಅಂದಾಗ ಹಡಗು ಹತ್ತಿ ಮದ್ರಾಸಿಗೆ, ಅಲ್ಲಿಂದ ಮೈಸೂರಿಗೆ, ಅಲ್ಲಿ ಆ ಭಾಷೆಯಲ್ಲಿ ಮಾತಾಡಲು ಯಾರು, ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ ಸಿನಿಮಾದ ಮಾತುಗಳನ್ನೇ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಭಾಷೆ ಉಳಿದದ್ದು ಹಾಗೆ, ಈಗ ಆ ಭಾಷೆಯಲ್ಲೇ ಅವರ ತಲೆಯ ಮೇಲಿನ ಸೂರು ತೀರ್ಮಾನವಾಗುತ್ತಿದೆ, ಮತ್ತು ಇವಳು ಒಂದು ಮಾತೂ ಸ್ವಂತದ್ದು ಆಡುವಂತಿಲ್ಲ.

ಸರ್ಕಾರದ ವಕೀಲೆಗೆ ನೆಗಡಿ, ಮಾತಿನ ನಡುವೆ ಗಂಟಲಿನ ಗುಳಿಗೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಾಳೆ, ಆ ಟಕ್ ಟಕ್ ಸದ್ದು, ಒಂದು ಫೋಟೋ ಎತ್ತಿ ಹಿಡಿಯುತ್ತಾಳೆ, ಮಿಸ್ಟರ್ ನೈಂಗ್, ಇದರಲ್ಲಿ ಒಬ್ಬ ಸೇನಾ ಜನರಲ್‌ನ ಕೈ ಕುಲುಕುತ್ತಿರುವವರು ನೀವೇ ಅಲ್ಲವೇ, ಸೈನ್ಯವನ್ನು ಹೊಗಳುವ ಚಿತ್ರದಲ್ಲಿ ಕ್ಯಾಪ್ಟನ್ ಪಾತ್ರ ಮಾಡಿದ ಮೇಲೆ ತೆಗೆದದ್ದಲ್ಲವೇ. ಹೌದು ಎನ್ನುತ್ತಾರೆ ಅವರು. ಅಷ್ಟೇ. ಹೇಳಿ ಸ್ವಾಮೀ, ಇನ್ನೂ ಹೇಳಿ, ಮೊದಲು ಆ ಪಾತ್ರ ಒಲ್ಲೆ ಅಂದದ್ದಕ್ಕೆ ಎರಡು ವರ್ಷ ನಿಮಗೆ ಕೆಲಸ ಕೊಡಲಿಲ್ಲವಂತೆ, ಆಮೇಲೆ ಒಪ್ಪಿದ್ದಂತೆ, ಫಾಲ್ಸ್ ಚರ್ಚ್ ಊರಿನ ಬರ್ಮಾ ಅಂಗಡಿಯಲ್ಲಿ ಬೆಲ್ಲ ಕೊಳ್ಳಲು ಹೋದಾಗ ಅಂಗಡಿಯಾಕೆ ಎಷ್ಟೋ ಸಲ ಹೇಳಿದ್ದಾಳೆ, ಆ ಎರಡು ವರ್ಷ ಅವರು ಊರೂರು ಸುತ್ತಿ ಬಯಲಾಟ ಆಡಿದರು ಎಂದು, ಅದನ್ನು ಹೇಳಿ, ನಾನು ಹೇಳುವಂತಿಲ್ಲ. ಯಾಕೆ ಕೈ ಕುಲುಕಿದಿರಿ ಎಂದು ವಕೀಲೆ, ಅವರು ಸ್ವಲ್ಪ ಯೋಚಿಸಿ ಒಂದೇ ಶಬ್ದ ಹೇಳುತ್ತಾರೆ, ಆನಾದೆ. ಕೊಂದುಬಿಟ್ಟರು ನನ್ನನ್ನ. ಆನಾದೆ ಅಂದರೆ ದಾಕ್ಷಿಣ್ಯ, ಬೇರೇನಲ್ಲ, ಎದುರಿಗೆ ಒಬ್ಬ ಕೈ ಚಾಚಿದಾಗ ನಿಮ್ಮ ಕೈ ಹಿಂದೆಳೆದುಕೊಳ್ಳಲಾಗದ ಆ ಸಂಕಟ, ಕನ್ನಡದಲ್ಲಿ ಕೇಳಿದ್ದರೆ ದಾಕ್ಷಿಣ್ಯಕ್ಕೆ ಕೈ ಕೊಟ್ಟೆ ಎಂದುಬಿಡುತ್ತಿದ್ದಳು, ಮೈಸೂರಿನ ಯಾವ ನ್ಯಾಯಾಧೀಶನಿಗೂ ಅರೆಗಳಿಗೆಯಲ್ಲಿ ಅರ್ಥವಾಗುತ್ತಿತ್ತು, ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಒಂದು ತೂತು ಇದೆ, ಹುಡುಕುತ್ತಾಳೆ, ನ್ಯಾಯಾಧೀಶರು ತಲೆ ಎತ್ತಿ ನೋಡುತ್ತಾರೆ, ಐ ಫೆಲ್ಟ್ ಅಬ್ಲೈಜ್ಡ್ ಎನ್ನುತ್ತಾಳೆ, ಅಂದ ತಕ್ಷಣ ತಪ್ಪಿದೆ ಎಂದು ಗೊತ್ತಾಗುತ್ತದೆ, ವಕೀಲೆಯ ಗುಳಿಗೆ ನಿಲ್ಲುತ್ತದೆ, ಅಬ್ಲೈಜ್ಡ್, ಅಂದರೆ ನೀವು ಆ ಜನರಲ್‌ಗೆ ಋಣಿಯಾಗಿದ್ದಿರಿ. ಅಲ್ಲ ಅಲ್ಲ ಅಲ್ಲ. ಆದರೆ ಅದನ್ನೂ ಬರ್ಮೀಸಿಗೆ ತಿರುಗಿಸಿ ಅವರ ಮುಂದೆ ಇಡಬೇಕು, ಇಡುತ್ತಾಳೆ, ಅವರು ಇವಳ ಕಡೆ ನೋಡದೆ ಮೇಜಿನ ಕಡೆ ನೋಡಿ, ಜನರಲ್‌ಗೆ ಎಲ್ಲರೂ ಋಣಿಗಳಾಗಿರಬೇಕಿತ್ತು ಎನ್ನುತ್ತಾರೆ, ತಮಾಷೆಗೆ ಅಂದದ್ದು, ಇವಳಿಗೆ ಗೊತ್ತು ತಮಾಷೆಗೆ ಅಂದದ್ದು, ಇಂಗ್ಲಿಷಿನಲ್ಲಿ ಹೇಳಿದಾಗ ತಮಾಷೆ ಎಲ್ಲೋ ಉದುರಿಹೋಗುತ್ತದೆ, ವಕೀಲೆ ಬರೆದುಕೊಳ್ಳುತ್ತಾಳೆ.

ಗಂಡ ಬದರಿನಾಥ ಬೆಳಿಗ್ಗೆ ಟೋಸ್ಟಿಗೆ ಉಪ್ಪಿನಕಾಯಿ ಸವರುತ್ತ ಹೇಳಿದ್ದ, ರಾಜಿ, ನಿಂಗ್ಯಾಕೆ ಇಷ್ಟು ಟೆನ್ಷನ್, ಹೋಗು, ಅವ್ರು ಹೇಳಿದ್ದು ಟ್ರಾನ್ಸ್‌ಲೇಟ್ ಮಾಡು, ಬಾ, ಇನ್ವಾಲ್ವ್ ಆಗ್ಬೇಡ. ಮಗಳು ಮಾನ್ಯಾ ಬ್ಯಾಗು ಹೆಗಲಿಗೇರಿಸುತ್ತ, ಅಮ್ಮಾ, ಹಿ ವಾಸ್ ಲೈಕ್, ಫೇಮಸ್? ಅಂದಿದ್ದಳು, ಹೂಂ ಕಣೇ, ಅವರೇ ಆಗಿದ್ರೆ ತುಂಬಾ ಫೇಮಸ್, ದೆನ್ ವೈ ಇಸ್ ಹಿ ಇನ್ ಕೋರ್ಟ್, ಎಂದು ಹೇಳಿ ಉತ್ತರಕ್ಕೆ ಕಾಯದೆ ಬಸ್ಸಿಗೆ ಓಡಿಹೋದಳು, ಡಲಸ್ ಟೋಲ್ ರೋಡಿನುದ್ದಕ್ಕೂ ಇವಳು ಸ್ಟಿಯರಿಂಗಿಗೇ ಉತ್ತರ ಹೇಳಿಕೊಂಡು ಬಂದಳು. ಎಂಬತ್ತೆಂಟರಲ್ಲಿ ಹುಡುಗರು ಬೀದಿಗಿಳಿದಾಗ ಸಿನಿಮಾದವರ ಮೆರವಣಿಗೆಯ ಮುಂದೆ ಇವರಿದ್ದರು, ಲಾರಿಯ ಮೇಲೆ ನಿಂತು ಮಾತಾಡಿದರು, ಆ ಸೆಪ್ಟೆಂಬರಿನಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಸೈನಿಕರು ಮನೆಗೆ ಬಂದು ಇವರನ್ನು ಕರೆದುಕೊಂಡು ಹೋದರು, ಮೂರು ವರ್ಷ ಜೈಲು, ಚಿತ್ರಗಳ ಪ್ರತಿಗಳನ್ನು ಗೋದಾಮಿನಿಂದ ಎತ್ತಿಸಿ ಬಿಸಿನೀರಿಗೆ ಹಾಕಿ ರೀಲಿನ ಲೇಪದಲ್ಲಿದ್ದ ಬೆಳ್ಳಿ ಬಿಡಿಸಿಕೊಂಡರು, ಉಳಿದ ರೀಲು ಆಟಿಕೆ ಮಾಡುವವರಿಗೆ ಹೋಯಿತು, ಬಿಟ್ಟ ಮೇಲೂ ಯಾರೂ ಅವರ ಹೆಸರು ಅಚ್ಚು ಮಾಡುವಂತಿಲ್ಲ, ಎರಡನೇ ಸಲ ಹಿಡಿಯಲು ಬರುತ್ತಾರೆ ಎಂದು ಗೊತ್ತಾದಾಗ ಕಾಡಿನ ದಾರಿ ಹಿಡಿದು ಥಾಯ್ಲೆಂಡಿನ ಗಡಿ ದಾಟಿದರು, ನಡೆದುಕೊಂಡು, ಐವತ್ತೇಳರ ವಯಸ್ಸಿನಲ್ಲಿ — ಇದೆಲ್ಲವನ್ನೂ ಅವರು ಈಗ ಹೇಳುತ್ತಿದ್ದಾರೆ, ಎಂಥ ದನಿಯಲ್ಲಿ, ದಿನಸಿಯ ಚೀಟಿ ಓದುವವರ ಹಾಗೆ, ಏರಿಲ್ಲ ಇಳಿತವಿಲ್ಲ, ಜೈಲಿನಲ್ಲಿ ನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಿದ್ದರು, ಹಾಡು ಎನ್ನುತ್ತಿದ್ದರು, ಹಾಡುತ್ತಿದ್ದೆ, ನಿಲ್ಲಿಸಿದರೆ ಹೊಡೆಯುತ್ತಿದ್ದರು. ಹೀಗೇ. ಅವರು ಚಪ್ಪಟೆಯಾಗಿ ಹೇಳಿದ್ದನ್ನು ರಾಜಲಕ್ಷ್ಮಿಯೂ ಚಪ್ಪಟೆಯಾಗಿಯೇ ಹೇಳಬೇಕು, ಕುರುಡ ವೀಣೆಗಾರನಾಗಿ ಒಂದು ಮಾತೂ ಆಡದೆ ಇಡೀ ಥಿಯೇಟರನ್ನು ಅಳಿಸಿದ ಮನುಷ್ಯ, ಅದರಲ್ಲಿ ಒಂದು ಚಿಟಿಕೆ ಇಲ್ಲಿ ಹಾಕಬಾರದೇ, ನಟನೆ ಮಾಡಿ ಸ್ವಾಮೀ, ನಿಮ್ಮ ಸಂಕಟವನ್ನೇ ಒಂದು ಸಲ ನಟಿಸಿ ತೋರಿಸಿ, ನ್ಯಾಯಾಧೀಶರು ಗಡಿಯಾರ ನೋಡುತ್ತಿದ್ದಾರೆ.

ಆಗ ವಕೀಲೆ ಗುಳಿಗೆಯನ್ನು ನುಂಗಿ, ಸಾವಕಾಶವಾಗಿ, ಮಿಸ್ಟರ್ ನೈಂಗ್, ನಟನೆ ನಿಮ್ಮ ವೃತ್ತಿ, ಬೇಕೆಂದಾಗ ಕಣ್ಣೀರು ತರಿಸುವುದು ನಿಮಗೆ ಗೊತ್ತು, ಹಾಗಿದ್ದ ಮೇಲೆ ಇವತ್ತು ನೀವು ಹೇಳಿದ್ದನ್ನು ನಾವು ಯಾಕೆ ನಂಬಬೇಕು ಎಂದಳು. ಬೇಕೆಂದಾಗ. ಬೇಕೆಂದಾಗ ಕಣ್ಣೀರು. ರಾಜಲಕ್ಷ್ಮಿ ಬರ್ಮೀಸಿನಲ್ಲಿ ಅದಕ್ಕೆ ಮಾತು ಹುಡುಕುತ್ತಾಳೆ, ಬಾಯಿ ಹುಡುಕುವ ಮೊದಲೇ ಕೊಟ್ಟುಬಿಟ್ಟಿತು, ಕೇಳಿದವರಿಗೆಲ್ಲ ಕಣ್ಣೀರು ಅಳೆದು ಕೊಡುವ ಅಂಗಡಿಯವರಲ್ಲವೇ ನೀವು — ಆ ಮಾತು ಎಲ್ಲಿಂದ ಬಂತೆಂದು ಅರ್ಥವಾಗುವಷ್ಟರಲ್ಲಿ ಆಡಿಯಾಗಿತ್ತು, ಅದು ಅವರ ಹಳೆಯ ಚಿತ್ರವೊಂದರ ಮಾತು, ಹೊಳೆ ದಂಡೆಯ ಊರಿನ ಬಡ ಮೇಷ್ಟ್ರ ಕಥೆ, ಶ್ರೀಮಂತರ ಮನೆಯ ಮೆಟ್ಟಿಲ ಮೇಲೆ ನಿಂತು ನಾಯಕಿ ಮೇಷ್ಟ್ರಿಗೆ ಚುಚ್ಚಿ ಹೇಳುವ ಮಾತು, ಅದೇ ರಾಗದಲ್ಲಿ, ಕೊನೆಯ ಅಕ್ಷರ ಎಳೆದು ಇವಳು ಹೇಳಿಬಿಟ್ಟಿದ್ದಳು, ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಹೇಳಿಕೊಳ್ಳುತ್ತಿದ್ದ ಹಾಗೆಯೇ. ಥಾನ್ ನೈಂಗ್ ತಲೆ ಎತ್ತಿದರು. ಬೆಳಿಗ್ಗೆಯಿಂದ ಮೊದಲ ಸಲ ಅವರ ಮುಖದ ಚರ್ಮದೊಳಗೆ ಯಾರೋ ಬಂದರು, ಬೆನ್ನು ನೆಟ್ಟಗಾಯಿತು, ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು, ಎಷ್ಟು ವರ್ಷ ಕಳೆದರೇನು, ಎದುರಿನವರು ತಮ್ಮ ಮಾತು ಆಡಿದರೆ ನಟನ ಬಾಯಿ ತನ್ನ ಮಾತು ಆಡದೆ ಬಿಡುವುದಿಲ್ಲ, ಅಂಗಡಿ ಮುಚ್ಚಿ ಬಹಳ ದಿನವಾಯಿತು ತಾಯಿ, ನಾಳೆಯ ದೋಣಿಗೆ ಊರು ಬಿಡುತ್ತೇನೆ ಎಂದರು, ಅದೇ ದನಿ, ತಗ್ಗಿನ, ತುಸು ನಗುವಿನ ದನಿ, ಇವಳ ಮೈ ಜುಮ್ಮೆಂದಿತು, ಮರುಕ್ಷಣವೇ ತಣ್ಣಗಾಯಿತು, ಏಕೆಂದರೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಪ್ರಮಾಣ ಮಾಡಿದ್ದಾಳೆ, ಹೇಳಿದಳು. ದೋಣಿ, ಎಂದಳು ವಕೀಲೆ, ಯಾವ ದೋಣಿ, ಕಾಡಿನಲ್ಲಿ ನಡೆದು ಗಡಿ ದಾಟಿದೆ ಎಂದು ಈಗಷ್ಟೇ ಹೇಳಿದಿರಿ, ಅಂಗಡಿ ಯಾವುದು, ನಿಮಗೆ ರಂಗೂನಿನಲ್ಲಿ ವ್ಯಾಪಾರವಿತ್ತೇ, ಯುವರ್ ಆನರ್, ಈ ವ್ಯಕ್ತಿಯ ಹೇಳಿಕೆಯಲ್ಲಿ ಪರಸ್ಪರ ವಿರೋಧವಿದೆ, ಇದು ದಾಖಲಾಗಬೇಕು. ಕೆಲರ್ ಕಾಗದಗಳನ್ನು ಮಗುಚುತ್ತಿದ್ದಾನೆ, ದೋಣಿ ಅಲ್ಲೆಲ್ಲೂ ಇಲ್ಲ, ಇರುವುದು ಹೇಗೆ. ಥಾನ್ ನೈಂಗ್ ಆಗಲೇ ಮತ್ತೆ ಮುದುಕರಾಗಿದ್ದರು, ಏನಾಯಿತೆಂದು ಅವರಿಗೂ ಹೊಳೆದಿತ್ತು, ಇವಳನ್ನೇ ನೋಡುತ್ತಿದ್ದರು, ಬಿಡಿಸು ಎಂದೂ ಅಲ್ಲ, ಬಿಟ್ಟುಬಿಡು ಎಂದೂ ಅಲ್ಲ.

ಸುಮ್ಮನಿದ್ದರೆ ಅವರು ಸುಳ್ಳುಗಾರರಾಗಿ ಕೂರುತ್ತಾರೆ, ದೋಣಿಯ ಸುಳ್ಳುಗಾರ, ಬಾಯಿಬಿಟ್ಟರೆ ಇವಳು ಈ ಕುರ್ಚಿಯಲ್ಲಿ ಕೂರುವ ಹಾಗಿಲ್ಲ, ಅನುವಾದಕಿ ಬದಲಾದರೆ ವಿಚಾರಣೆ ನಿಲ್ಲುತ್ತದೆ, ಬರ್ಮೀಸ್ ಬಲ್ಲವರು ಈ ಸೀಮೆಯಲ್ಲಿ ಎಷ್ಟು ಜನ, ಮುಂದಿನ ತಾರೀಖು ಯಾವಾಗ, ರಂಗೂನಿನಲ್ಲಿ ಆಕೆ ಇನ್ನೆಷ್ಟು ಕಾಯಬೇಕು, ಇನ್ವಾಲ್ವ್ ಆಗ್ಬೇಡ ರಾಜಿ — ಯುವರ್ ಆನರ್, ಎಂದಳು, ದನಿ ತನ್ನದೇ ಎಂದು ಅವಳಿಗೆ ಒಂದು ಕ್ಷಣ ಗುರುತಾಗಲಿಲ್ಲ, ಅನುವಾದಕಿ ತನ್ನ ಪರವಾಗಿ ಮಾತಾಡಲು ಅನುಮತಿ ಬೇಡುತ್ತಾಳೆ. ತನ್ನನ್ನೇ ಅವಳು ಎಂದು ಹೇಳಿಕೊಳ್ಳಬೇಕು, ಅದೂ ನಿಯಮ, ಅರ್ಜಿದಾರರಾದರೆ ನಾನು, ತಾನಾದರೆ ಅವಳು. ಅನುವಾದಕಿ ಪ್ರಶ್ನೆಯನ್ನು ತಪ್ಪು ಮಾತಿನಲ್ಲಿ ಹೇಳಿದಳು, ಆ ಮಾತು ಒಂದು ಚಲನಚಿತ್ರದ್ದು, ಅವರು ಕೊಟ್ಟ ಉತ್ತರವೂ ಅದೇ ಚಿತ್ರದ್ದು, ಅದರಲ್ಲಿ ನಟಿಸಿದವರು ಅವರೇ, ದೋಣಿ ಕಥೆಯೊಳಗಿನದು. ನ್ಯಾಯಾಧೀಶರು ಕನ್ನಡಕ ತೆಗೆದರು, ಮೇಡಂ, ನಿಮಗೆ ಇದು ಹೇಗೆ ಗೊತ್ತು. ನೋಡಿದ್ದೇನೆ, ಚಿಕ್ಕವಳಿದ್ದಾಗ ರಂಗೂನಿನಲ್ಲಿ ನೋಡಿದ್ದೇನೆ, ಇವರ ಎಲ್ಲ ಚಿತ್ರಗಳನ್ನೂ, ಇವರು ಎಂಥ — ಸಾಕು ಎಂದು ಅವರು ಕೈ ಎತ್ತಿದರು, ಒರಟಾಗಿ ಅಲ್ಲ, ನಿಮ್ಮ ಪ್ರಾಮಾಣಿಕತೆಗೆ ಕೃತಜ್ಞತೆ, ಆದರೆ ನೀವು ಸಾಕ್ಷಿಯಲ್ಲ, ಇನ್ನು ಮೇಲೆ ಅನುವಾದಕಿಯೂ ಆಗಿರಲಾರಿರಿ, ಆ ಪ್ರಶ್ನೆ, ಆ ಉತ್ತರ ಎರಡೂ ದಾಖಲೆಯಿಂದ ಹೋಗಲಿ, ವಿಚಾರಣೆ ಮುಂದಕ್ಕೆ. ಮುಂದಕ್ಕೆ ಅಂದರೆ ಮುಂದಿನ ವರ್ಷದ ಚಳಿಗಾಲ. ಎಂಥ — ಅಲ್ಲಿಗೇ ನಿಂತಿತು ಇವಳ ಸ್ವಂತದ ಮಾತು, ಇಡೀ ಬೆಳಗಿನ ಹೊತ್ತು ಅದುಮಿಟ್ಟ ಮಾತು, ಎಂಥ ನಟ, ಎಂಥ ಮನುಷ್ಯ, ಎರಡಕ್ಕೂ ಜಾಗ ಸಿಗಲಿಲ್ಲ, ಹೇಳಬಾರದಿದ್ದಾಗ ಬಾಯಿ ತೆರೆದುಕೊಂಡಿತು, ಹೇಳಬಹುದಾದಾಗ ಅರ್ಧಕ್ಕೇ ಮುಚ್ಚಿಸಿದರು.

ಹೊರಗೆ ಕಾರಿಡಾರಿನಲ್ಲಿ ಕೆಲರ್ ಟೈ ಸಡಿಲಿಸುತ್ತ, ನೀವು ಅವರನ್ನು ಉಳಿಸಿದಿರೋ ಒಂದು ವರ್ಷ ಹಾಳು ಮಾಡಿದಿರೋ ನನಗಂತೂ ತಿಳಿಯುತ್ತಿಲ್ಲ ಎಂದು ಫೋನು ಹುಡುಕಿಕೊಂಡು ಹೋದ. ಅವಳು ಲಿಫ್ಟಿನ ಬಳಿ ನಿಂತಿದ್ದ ಥಾನ್ ನೈಂಗ್ ಹತ್ತಿರ ಹೋದಳು. ಕ್ಷಮಿಸಿ ಅಣ್ಣಾ ಎಂದಳು ಬರ್ಮೀಸಿನಲ್ಲಿ, ನಿಮ್ಮ ಮನೆಯವರು ಇನ್ನೊಂದು ವರ್ಷ — ಅವರು ಆ ಮಾತನ್ನು ಮುಗಿಸಗೊಡಲಿಲ್ಲ, ಆಕೆಗೆ ಕಾಯುವುದು ಅಭ್ಯಾಸ, ಶೂಟಿಂಗಿಗೆ ಹೋದವನು ಯಾವತ್ತು ಹೇಳಿದ ದಿನಕ್ಕೆ ಬಂದಿದ್ದೇನೆ ಎಂದರು, ಲಿಫ್ಟಿನ ಗುಂಡಿ ಒತ್ತಿದರು, ದೀಪ ಹತ್ತಿತು, ಇನ್ನೊಮ್ಮೆ ಒತ್ತಿದರು. ಆಮೇಲೆ ಗೋಡೆಯ ಕಡೆ ನೋಡುತ್ತಲೇ, ತಂಗೀ, ಆ ಮೇಷ್ಟ್ರ ಚಿತ್ರವನ್ನು ಪೂರ್ತಿ ನೋಡಿದ್ದೀಯಾ. ಮೂರು ಸಲ ಅಣ್ಣಾ. ಕೊನೆಯವರೆಗೂ? ಕೊನೆಯವರೆಗೂ. ಹಾಗಾದರೆ ಹೇಳು, ಕೊನೆಗೆ ದೋಣಿ ಹತ್ತುವಾಗ ನಾನು ತಿರುಗಿ ನೋಡುತ್ತೇನೆಯೇ. ಅವಳಿಗೆ ಅರ್ಥವಾಗಲಿಲ್ಲ, ಅವರು ಬಿಡಿಸಿ ಹೇಳಿದರು, ಆ ಕೊನೆಯ ದೃಶ್ಯಕ್ಕೆ ನನಗೂ ನಿರ್ದೇಶಕನಿಗೂ ದೊಡ್ಡ ಜಗಳ, ಮೇಷ್ಟ್ರು ತಿರುಗಿ ನೋಡುವವನಲ್ಲ ಎಂದು ನಾನು, ನೋಡದಿದ್ದರೆ ಜನ ಕುರ್ಚಿ ಮುರಿಯುತ್ತಾರೆ ಎಂದು ಅವನು, ಕೊನೆಗೆ ಎರಡೂ ಥರ ತೆಗೆದೆವು, ಯಾವುದನ್ನು ಇಟ್ಟೆ ಎಂದು ಅವನನ್ನು ನಾನು ಕೇಳಲಿಲ್ಲ, ಸಿಟ್ಟು, ಚಿತ್ರ ಬಂದಾಗ ಹೋಗಿ ನೋಡಲೂ ಇಲ್ಲ, ಆಮೇಲೆ ನೋಡೋಣ ಎಂದುಕೊಂಡೆ, ಅವನು ತೀರಿಕೊಂಡ, ರೀಲು ಹೋಯಿತು, ಯಾರನ್ನಾದರೂ ಕೇಳೋಣ ಎಂದರೆ ನಾಚಿಕೆ, ತನ್ನ ಚಿತ್ರ ತಾನೇ ನೋಡಿಲ್ಲವೆಂದು ಹೇಳುವುದು ಹೇಗೆ, ಜೈಲಿನಲ್ಲಿ ಆ ತೊಟ್ಟಿಯಲ್ಲಿ ನಿಂತಾಗ ಇದನ್ನೇ ಯೋಚಿಸುತ್ತಿದ್ದೆ, ಹೊತ್ತು ಹೋಗುತ್ತಿತ್ತು, ಒಂದು ದಿನ ನೋಡಿದೆ ಅನ್ನಿಸುತ್ತಿತ್ತು, ಒಂದು ದಿನ ಇಲ್ಲ. ಈಗ ಅವರು ಇವಳ ಮುಖ ನೋಡಿದರು, ಆ ನೋಟದಲ್ಲಿ ಅರ್ಜಿಯಿತ್ತು, ಒಳಗೆ ಆ ನ್ಯಾಯಾಧೀಶರ ಮುಂದೆ ಒಂದು ಸಲವೂ ಬಾರದಿದ್ದ ಅರ್ಜಿ. ಪ್ರಮಾಣವಿಲ್ಲ, ದಾಖಲೆಯಿಲ್ಲ, ಬಾಯಿ ಈಗ ಪೂರ್ತಿ ಇವಳದು, ತೆರೆದಳು. ನೆನಪಾಗುತ್ತಿಲ್ಲ ಅಣ್ಣಾ ಎಂದಳು. ಇರಲಿ ಎಂದರು, ತಕ್ಷಣ ಎಂದರು, ಅದೇ ದಾಕ್ಷಿಣ್ಯ, ಲಿಫ್ಟು ಬಂತು, ಅವರು ಒಳಗೆ ಹೋಗಿ ಕೈ ಮುಗಿದರು, ಬಾಗಿಲು ಕೂಡಿಕೊಂಡಿತು.

ಅರವತ್ತಾರನೇ ಹೆದ್ದಾರಿಯಲ್ಲಿ ಗಾಡಿಗಳು ಕದಲುತ್ತಿಲ್ಲ, ಯಾರೋ ಮುಂದೆ ಡಿಕ್ಕಿ ಹೊಡೆದುಕೊಂಡಿರಬೇಕು, ಆರೆಂಜ್ ಲೈನಿನ ರೈಲು ಪಕ್ಕದಲ್ಲೇ ಸರಾಗವಾಗಿ ಹೋಗುತ್ತಿದೆ, ಏಜೆನ್ಸಿಯವರು ಇಷ್ಟು ಹೊತ್ತಿಗೆ ಮನೆಗೆ ಫೋನು ಮಾಡಿರುತ್ತಾರೆ, ಬದರಿ ಏನಾಯ್ತು ಅನ್ನುತ್ತಾನೆ, ಏನಾಯಿತು ಅಂದರೆ ಏನು ಹೇಳುವುದು, ಮೆಟ್ಟಿಲ ಮೇಲಿನ ಮಾತು ಅಕ್ಷರ ಬಿಡದೆ ನೆನಪಿದೆ, ನಾಯಕಿಯ ಬರ್ಮಾ ಲುಂಗಿಯ ಅಂಚು ನೆನಪಿದೆ, ಮಾಮಿ ಮೂಗು ಒರೆಸಿಕೊಂಡ ಕರ್ಚೀಫು ನೆನಪಿದೆ, ಬೇಕಾದ್ದು ಮಾತ್ರ ಇಲ್ಲ, ಮೂರು ಸಲ ನೋಡಿದ ಕಣ್ಣು ಮೂರು ಸಲವೂ ಎಲ್ಲಿ ಹೋಗಿತ್ತು, ಅಳುತ್ತಿತ್ತೇ, ಅತ್ತರೆ ಏನು ಕಂಡೀತು. ನೋಡಿದಿರಿ ಅಣ್ಣಾ ಎಂದುಬಿಡಬಹುದಿತ್ತು, ಇಲ್ಲ ನೋಡಲಿಲ್ಲ, ನೀವೇ ಗೆದ್ದಿರಿ ಎನ್ನಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು, ಇಡೀ ಭೂಮಿಯ ಮೇಲೆ ಯಾರಿಗೆ, ಹೇಳಲಾರದೆ ಹೋದಳಲ್ಲ, ಹಾಳು ನಿಜ, ಹಾಳು ಅಭ್ಯಾಸ — ಮೊದಲಿನಿಂದ ನೋಡೋಣ, ಹೊಳೆ, ಬೆಳಗಿನ ಮಂಜು, ದೋಣಿಯವನು ಹಗ್ಗ ಬಿಚ್ಚುತ್ತಾನೆ, ದಡದಿಂದ ದೋಣಿಗೆ ಒಂದು ಹಲಗೆ, ಮೇಷ್ಟ್ರು ಬರುತ್ತಾರೆ, ನಮಗೆ ಬೆನ್ನು ಮಾತ್ರ ಕಾಣುತ್ತದೆ, ಬಿಳಿ ಅಂಗಿ, ಬೆವರಿಗೆ ಬೆನ್ನಿಗಂಟಿದೆ, ಹಲಗೆಯ ಮೇಲೆ ಒಂದು ಕಾಲು ಇಡುತ್ತಾರೆ, ಹಲಗೆ ಬಾಗುತ್ತದೆ, ನಿಲ್ಲುತ್ತಾರೆ, ಕುತ್ತಿಗೆಯ ನರ ಸ್ವಲ್ಪ ಬಿಗಿಯುತ್ತದೆ, ಈಗ — ಇಲ್ಲ, ಮತ್ತೆ, ಬಿಳಿ ಅಂಗಿ, ಹಲಗೆಯ ಮೇಲೆ ಒಂದು ಕಾಲು, ಕುತ್ತಿಗೆಯ ನರ, ಈಗ — ಹಿಂದಿನ ಕಾರು ಹಾರ್ನ್ ಹೊಡೆಯುತ್ತದೆ, ಮುಂದೆ ದಾರಿ ಬಿಟ್ಟಿದೆ, ಬಿಡಲಿ — ಬಿಳಿ ಅಂಗಿ, ಹಲಗೆಯ ಮೇಲೆ ಒಂದು ಕಾಲು, ಹಲಗೆ ಬಾಗುತ್ತದೆ, ಕುತ್ತಿಗೆಯ ನರ —